ಉಣ್ಣಿ ಜ್ವರ: ನಾಯಿಗೆ 28 ದಿನ, ಗೋಡೆಗೆ ಮೂರು ತಿಂಗಳು

ನಿನ್ನೆಯವರೆಗೆ ಗೇಟಿನ ಸದ್ದಿಗೇ ಎದ್ದು ಓಡುತ್ತಿದ್ದ ನಾಯಿ ಇವತ್ತು ಮಲಗಿದಲ್ಲೇ ಬಾಲ ಅಲ್ಲಾಡಿಸುತ್ತದೆ. ಬಟ್ಟಲಿನ ಅನ್ನವನ್ನು ಮೂಸಿ ಮುಖ ತಿರುಗಿಸುತ್ತದೆ. ‘ಬಿಸಿಲಿಗೆ ಹಾಗೆ’, ‘ಏನೋ ತಿಂದು ಹೊಟ್ಟೆ ಕೆಟ್ಟಿರಬೇಕು’ ಎನ್ನುತ್ತಲೇ ಎರಡು ದಿನ ಕಳೆದುಹೋಗುತ್ತದೆ. ಮೂರನೆಯ ದಿನ ಮೂಗಿನಲ್ಲಿ ರಕ್ತ ಕಂಡಾಗಲೋ, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದಾಗಲೋ ಆಸ್ಪತ್ರೆಗೆ ಓಟ. ಕರ್ನಾಟಕದ ಪಶುವೈದ್ಯರ ಬಳಿಗೆ ವರ್ಷವಿಡೀ ಹೀಗೆ ಬರುವ ನಾಯಿಗಳಲ್ಲಿ ಬಹಳಷ್ಟಕ್ಕೆ ಇರುವುದು ಉಣ್ಣಿ ಜ್ವರ. ಎಲ್ಲರ ಬಾಯಲ್ಲಿರುವ ಹೆಸರು ಟಿಕ್ ಫೀವರ್.

ಬೇಗ ಹಿಡಿದರೆ ಇದು ಸಾಮಾನ್ಯ ಮಾತ್ರೆಗೆ ಬಗ್ಗುವ ಕಾಯಿಲೆ. ಆದರೂ ಇಷ್ಟೊಂದು ನಾಯಿಗಳು ಇದಕ್ಕೆ ಬಲಿಯಾಗುತ್ತಿರುವುದಕ್ಕೆ ಮುಖ್ಯವಾಗಿ ನಮ್ಮ ಎರಡು ತಪ್ಪುಗಳು ಕಾರಣ. ಔಷಧಿ ಶುರುವಾದ ಮೂರನೆಯ ದಿನ ನಾಯಿ ಎದ್ದು ಊಟ ಮಾಡಿತೆಂದು ಮಾತ್ರೆ ನಿಲ್ಲಿಸುವುದು ಒಂದು. ನಾಯಿಯ ಮೈಮೇಲಿನ ಉಣ್ಣಿ ತೆಗೆದು, ಮನೆಯ ಗೋಡೆಯೊಳಗಿನ ಉಣ್ಣಿಯನ್ನು ಮರೆಯುವುದು ಇನ್ನೊಂದು. ಲಸಿಕೆ ಹಾಕಿಸಿದ್ದೇವಲ್ಲ ಎಂಬ ಧೈರ್ಯವೂ ಇಲ್ಲಿ ಕೆಲಸಕ್ಕೆ ಬಾರದು. ವರ್ಷಕ್ಕೊಮ್ಮೆ ಹಾಕಿಸುವ ‘ನೈನ್ ಇನ್ ಒನ್’ ಲಸಿಕೆಯಲ್ಲಿ ಪಾರ್ವೊ, ಡಿಸ್ಟೆಂಪರ್ ಮುಂತಾದವುಗಳಿಗೆ ರಕ್ಷಣೆ ಉಂಟು, ಉಣ್ಣಿ ಜ್ವರಕ್ಕೆ ಇಲ್ಲ. ಒಮ್ಮೆ ಬಂದು ವಾಸಿಯಾದ ನಾಯಿಗೆ ಮತ್ತೆ ಬರುವುದಿಲ್ಲ ಎಂದೂ ಇಲ್ಲ.

ಉಣ್ಣಿ ಎಲ್ಲಿರುತ್ತದೆ

ಉಣ್ಣಿ, ಉಣ್ಣೆ, ಮಲೆನಾಡಿನ ಕಡೆ ಉಣುಗು. ನಮ್ಮ ನಾಯಿಗಳ ಮೈಮೇಲೆ ಹೆಚ್ಚಾಗಿ ಕಾಣುವುದು ರೈಪಿಸೆಫಾಲಸ್ ಸ್ಯಾಂಗ್ವಿನಿಯಸ್ ಎಂಬ ಕಂದು ಉಣ್ಣಿ. ರಕ್ತ ಕುಡಿಯದ ಉಣ್ಣಿ ಎಳ್ಳಿನ ಕಾಳಿನಷ್ಟು, ಚಪ್ಪಟೆ, ಕೆಂಗಂದು. ಹೊಟ್ಟೆ ತುಂಬಿದ ಹೆಣ್ಣು ಸೆಂಟಿಮೀಟರಿಗೂ ಮೀರಿ ಊದಿ, ಬೂದು ಬಣ್ಣಕ್ಕೆ ತಿರುಗಿ, ಥೇಟ್ ಹರಳು ಬೀಜದಂತೆ ಕಾಣುತ್ತದೆ. ಹರಳು ಗಿಡದ ಸಸ್ಯಶಾಸ್ತ್ರೀಯ ಹೆಸರಿನಲ್ಲಿರುವ ‘ರಿಸಿನಸ್’ ಎಂಬ ಲ್ಯಾಟಿನ್ ಪದಕ್ಕೂ ಉಣ್ಣಿ ಎಂದೇ ಅರ್ಥ. ಈ ಹೋಲಿಕೆ ಹಿಂದಿನವರ ಕಣ್ಣಿಗೂ ಬಿದ್ದಿತ್ತು.

ಈ ಹುಳುವಿನ ಬದುಕಿನ ಲೆಕ್ಕ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಹೊಟ್ಟೆ ತುಂಬಿದ ಹೆಣ್ಣು ನಾಯಿಯ ಮೈಯಿಂದ ಕಳಚಿ ಬೀಳುತ್ತದೆ, ಹತ್ತಿರದ ಬಿರುಕು ಹುಡುಕಿ ಒಳಸೇರಿ ಸುಮಾರು 4,000 ಮೊಟ್ಟೆ ಇಟ್ಟು ಸಾಯುತ್ತದೆ. ಎರಡರಿಂದ ಐದು ವಾರದಲ್ಲಿ ಮೊಟ್ಟೆಯೊಡೆದು ಆರು ಕಾಲಿನ ಮರಿಗಳು ಹೊರಬರುತ್ತವೆ. ಅವು ನಾಯಿಯನ್ನು ಹತ್ತಿ ಮೂರರಿಂದ ಏಳು ದಿನ ರಕ್ತ ಹೀರುತ್ತವೆ, ಮತ್ತೆ ಕೆಳಗಿಳಿದು ಬಿರುಕು ಸೇರುತ್ತವೆ. ಅಲ್ಲಿ ಎರಡು ವಾರ ಕಳೆದು, ಪೊರೆ ಬಿಟ್ಟು, ಎಂಟು ಕಾಲಿನ ಹರೆಯದ ಹುಳುವಾಗಿ ಎರಡನೆಯ ಸಲ ನಾಯಿಯ ಮೈಗೆ. ಐದರಿಂದ ಹತ್ತು ದಿನ ಕುಡಿದು ಮತ್ತೆ ಗೋಡೆಗೆ. ಇನ್ನೆರಡು ವಾರಕ್ಕೆ ಬೆಳೆದ ಉಣ್ಣಿಯಾಗಿ ಮೂರನೆಯ ಸಲ ನಾಯಿಗೆ. ನಮ್ಮ ಹವೆಯಲ್ಲಿ ಈ ಸುತ್ತು ಎರಡು ಮೂರು ತಿಂಗಳಲ್ಲಿ ಮುಗಿಯುತ್ತದೆ. ಇಷ್ಟರಲ್ಲಿ ಅದು ನಾಯಿಯ ಮೈಮೇಲೆ ಕಳೆದದ್ದು ಎರಡು ಮೂರು ವಾರ ಮಾತ್ರ. ಉಳಿದ ಕಾಲವೆಲ್ಲ ಸ್ಕರ್ಟಿಂಗ್ ಸಂದಿ, ಬಾಗಿಲ ಚೌಕಟ್ಟು, ಕಾಂಪೌಂಡ್ ಗೋಡೆಯ ಬಿರುಕು, ಗೋಣಿಚೀಲದ ನೇಯ್ಗೆ. ನಾಯಿಯ ಮೇಲೆ ಹತ್ತು ಉಣ್ಣಿ ಕಂಡರೆ ಅದರ ಹಲವು ಪಟ್ಟು ಮನೆಯೊಳಗೆ ಸರದಿಗೆ ಕಾದಿವೆ ಎಂದೇ ತಿಳಿಯಬೇಕು.

ಕಾಯುವುದರಲ್ಲಂತೂ ಇದನ್ನು ಮೀರಿಸುವ ಹುಳು ಕಡಿಮೆ. ಬೆಳೆದ ಉಣ್ಣಿ ಒಂದು ಹನಿ ರಕ್ತವಿಲ್ಲದೆ ಹದಿನೆಂಟು ತಿಂಗಳವರೆಗೂ ಬದುಕಬಲ್ಲದು.

ಇನ್ನೊಂದು ಸಂಗತಿಯನ್ನು ಹೆಚ್ಚಿನವರು ಗಮನಿಸುವುದಿಲ್ಲ. ಗಂಡು ಉಣ್ಣಿ ಹೆಣ್ಣಿನಂತೆ ಊದುವುದಿಲ್ಲ. ಸ್ವಲ್ಪ ಸ್ವಲ್ಪವೇ ಕುಡಿಯುತ್ತ, ಹೆಣ್ಣನ್ನು ಹುಡುಕುತ್ತ, ಒಂದು ನಾಯಿಯಿಂದ ಪಕ್ಕದಲ್ಲಿ ಮಲಗಿದ ಇನ್ನೊಂದು ನಾಯಿಗೆ ದಾಟುತ್ತದೆ. ಮನೆಯಲ್ಲಿ ಎರಡು ನಾಯಿಗಳಿದ್ದು ಒಂದಕ್ಕೆ ಜ್ವರ ಬಂದರೆ ಇನ್ನೊಂದರ ರಕ್ತವನ್ನೂ ನೋಡಿಸಬೇಕಾದದ್ದು ಇದೇ ಕಾರಣಕ್ಕೆ.

ಒಂದೇ ಹೆಸರು, ಹಲವು ರೋಗ

ಉಣ್ಣಿ ಜ್ವರ ಒಂದು ರೋಗವಲ್ಲ. ಉಣ್ಣಿ ಹೊತ್ತು ತರುವ ಹಲವು ರೋಗಗಳಿಗೆ ನಾವಿಟ್ಟ ಒಟ್ಟು ಹೆಸರು. ಯಾವ ರೋಗಾಣು ರಕ್ತದ ಯಾವ ಕಣವನ್ನು ಹಿಡಿಯುತ್ತದೆ ಎಂಬುದರ ಮೇಲೆ ಲಕ್ಷಣವೂ ಔಷಧಿಯೂ ಬದಲಾಗುತ್ತವೆ.

ಎರ್ಲಿಕಿಯಾ ಕ್ಯಾನಿಸ್ ಒಂದು ಬ್ಯಾಕ್ಟೀರಿಯಾ. ಬಿಳಿ ರಕ್ತಕಣದೊಳಗೆ ಸೇರಿ ಅಲ್ಲೇ ಬೆಳೆಯುತ್ತದೆ. 1935ರಲ್ಲಿ ಅಲ್ಜೀರಿಯಾದ ನಾಯಿಗಳಲ್ಲಿ ಇದನ್ನು ಮೊದಲು ಗುರುತಿಸಲಾಯಿತು. ಇದರಿಂದ ಮುಖ್ಯವಾಗಿ ಕುಸಿಯುವುದು ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್. ಮೂಗಿನಲ್ಲಿ ರಕ್ತ, ಹೊಟ್ಟೆಯ ಚರ್ಮದ ಮೇಲೆ ಕೆಂಪು ಚುಕ್ಕೆಗಳು ಬರುವುದು ಇದರಿಂದಲೇ.

ಬಬೇಸಿಯಾ ಬ್ಯಾಕ್ಟೀರಿಯಾ ಅಲ್ಲ, ಮಲೇರಿಯಾದ ರೋಗಾಣುವಿನ ಹಾಗೆ ಕೆಂಪು ರಕ್ತಕಣದೊಳಗೆ ಕೂರುವ ಪರೋಪಜೀವಿ. ಕಣ ಒಡೆದಾಗ ಅದರ ಬಣ್ಣ ಮೂತ್ರಕ್ಕೆ ಇಳಿಯುತ್ತದೆ. ಡಿಕಾಕ್ಷನ್ ಬಣ್ಣದ ಮೂತ್ರ, ಬಿಳಿಚಿದ ಒಸಡು, ಹಳದಿಯಾದ ಕಣ್ಣು ಕಂಡರೆ ಮೊದಲ ಅನುಮಾನ ಇದರ ಮೇಲೆ. ಇದರಲ್ಲೂ ಎರಡು ಬಗೆ ನಮ್ಮಲ್ಲಿವೆ. ದೊಡ್ಡದು ಬಬೇಸಿಯಾ ವೊಗೆಲಿ, ಸಣ್ಣದು ಬಬೇಸಿಯಾ ಗಿಬ್ಸೋನಿ. ಗಿಬ್ಸೋನಿ ನಮ್ಮ ದಕ್ಷಿಣದ್ದೇ. 1910ರಲ್ಲಿ ಪ್ಯಾಟನ್ ಎಂಬ ವಿಜ್ಞಾನಿ ಮದ್ರಾಸಿನ ಬೇಟೆನಾಯಿಗಳ ರಕ್ತದಲ್ಲಿ, ಆಮೇಲೆ ನರಿಯ ರಕ್ತದಲ್ಲಿ ಇದನ್ನು ಕಂಡು ವಿವರಿಸಿದರು. ಇದು ಉಣ್ಣಿಯಿಂದಲ್ಲದೆ, ನಾಯಿಗಳು ಕಚ್ಚಾಡಿದಾಗ ರಕ್ತದಿಂದ ರಕ್ತಕ್ಕೂ ದಾಟುತ್ತದೆ.

ಇವಲ್ಲದೆ ಪ್ಲೇಟ್‌ಲೆಟ್‌ನೊಳಗೇ ಕೂರುವ ಅನಾಪ್ಲಾಸ್ಮಾ ಪ್ಲಾಟಿಸ್ ಎಂಬ ಬ್ಯಾಕ್ಟೀರಿಯಾ ಉಂಟು. ಉಣ್ಣಿ ಕಚ್ಚುವುದರಿಂದಲ್ಲ, ನಾಯಿ ಮೈ ನೆಕ್ಕುವಾಗ ಉಣ್ಣಿಯನ್ನು ನುಂಗುವುದರಿಂದ ಬರುವ ಹೆಪಟೊಜೂನ್ ಎಂಬ ಪರೋಪಜೀವಿ ಉಂಟು. ಒಂದೇ ನಾಯಿಯಲ್ಲಿ ಎರಡು ಮೂರು ಒಟ್ಟಿಗೆ ಇರುವುದೂ ಅಪರೂಪವಲ್ಲ. ಚಿಕಿತ್ಸೆ ದಾರಿ ತಪ್ಪುವುದು ಹೆಚ್ಚಾಗಿ ಇಲ್ಲೇ.

ನಡುವಿನ ಮೋಸದ ಕಾಲ

ಎರ್ಲಿಕಿಯಾ ಮೂರು ಹಂತದಲ್ಲಿ ನಡೆಯುತ್ತದೆ. ಉಣ್ಣಿ ಕಚ್ಚಿ ಒಂದರಿಂದ ಮೂರು ವಾರಕ್ಕೆ ಮೊದಲ ಹಂತ: ಜ್ವರ, ಮಂಕು, ಊಟ ಬಿಡುವುದು, ದವಡೆಯ ಕೆಳಗೆ ಮತ್ತು ಹಿಂಗಾಲಿನ ಮೊಣಕಾಲಿನ ಹಿಂದೆ ಗಂಟು. ಇದು ಎರಡರಿಂದ ನಾಲ್ಕು ವಾರ ಇರುತ್ತದೆ. ವಿಚಿತ್ರವೆಂದರೆ, ಔಷಧಿ ಕೊಡದಿದ್ದರೂ ಬಹಳ ನಾಯಿಗಳು ಇದರಿಂದ ಚೇತರಿಸಿಕೊಂಡಂತೆ ಕಾಣುತ್ತವೆ. ಊಟ ಮಾಡುತ್ತವೆ, ಆಡುತ್ತವೆ. ಆದರೆ ರೋಗಾಣು ಗುಲ್ಮದಲ್ಲಿ (ಸ್ಪ್ಲೀನ್) ಅಡಗಿರುತ್ತದೆ, ರಕ್ತ ಪರೀಕ್ಷೆ ಮಾಡಿದರೆ ಪ್ಲೇಟ್‌ಲೆಟ್ ಕಡಿಮೆಯೇ ಇರುತ್ತದೆ. ಈ ಎರಡನೆಯ ಹಂತ ತಿಂಗಳುಗಟ್ಟಲೆ, ಕೆಲವು ನಾಯಿಗಳಲ್ಲಿ ವರ್ಷಗಟ್ಟಲೆ ಸಾಗುತ್ತದೆ.

ಕೆಲವು ನಾಯಿಗಳ ದೇಹ ರೋಗಾಣುವನ್ನು ತಾನಾಗಿಯೇ ಹೊರಹಾಕುತ್ತದೆ. ಉಳಿದವು ಮೂರನೆಯ ಹಂತಕ್ಕೆ ಜಾರುತ್ತವೆ. ಆಗ ಪೆಟ್ಟು ಬೀಳುವುದು ಮೂಳೆಯ ಮಜ್ಜೆಗೆ. ರಕ್ತ ತಯಾರಾಗುವ ಜಾಗವೇ ಬತ್ತಿದಾಗ ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಮೂರೂ ಒಟ್ಟಿಗೆ ಇಳಿಯುತ್ತವೆ. ಇಲ್ಲಿಂದ ಹಿಂದಿರುಗುವ ನಾಯಿಗಳು ಕಡಿಮೆ. ಜರ್ಮನ್ ಶೆಫರ್ಡ್ ಸಾಕಿದವರು ಇದನ್ನು ಎರಡು ಸಲ ಓದಬೇಕು. ಆ ತಳಿಯಲ್ಲಿ ಎರ್ಲಿಕಿಯಾ ಉಳಿದ ತಳಿಗಳಿಗಿಂತ ಉಗ್ರವಾಗಿ ನಡೆಯುತ್ತದೆ ಎಂಬುದು ಬಹಳ ಕಾಲದಿಂದ ಗೊತ್ತಿರುವ ವಿಷಯ.

ಮನೆಯಲ್ಲೇ ಎರಡು ನಿಮಿಷದ ಪರೀಕ್ಷೆ

ನಾಯಿ ಒಂದು ಹೊತ್ತು ಊಟ ಬಿಟ್ಟರೆ ಗಾಬರಿ ಬೇಡ. ಆದರೆ ಈ ಎರಡು ಕೆಲಸ ಮಾಡಿ.

ಮನುಷ್ಯರಿಗೆ ಬಳಸುವ ಡಿಜಿಟಲ್ ಥರ್ಮಾಮೀಟರ್ ಒಂದನ್ನು ನಾಯಿಗೆಂದೇ ಬೇರೆ ಇಟ್ಟುಕೊಳ್ಳಿ. ತುದಿಗೆ ವ್ಯಾಸಲೀನ್ ಸವರಿ, ಬಾಲ ಎತ್ತಿ, ಗುದದ್ವಾರದೊಳಗೆ ಎರಡು ಸೆಂಟಿಮೀಟರಿನಷ್ಟು ನಿಧಾನವಾಗಿ ತೂರಿಸಿ ಬೀಪ್ ಬರುವವರೆಗೆ ಹಿಡಿಯಿರಿ. ನಾಯಿಯ ಸಹಜ ತಾಪಮಾನ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಮಗೆ ಜ್ವರವೆನಿಸುವುದು ಅದಕ್ಕೆ ಸಹಜ. ವಿಶ್ರಾಂತಿಯಲ್ಲಿರುವಾಗ 103 ದಾಟಿದರೆ ಮಾತ್ರ ಜ್ವರ. ಮೂಗು ಒಣಗಿದೆಯೇ, ಕಿವಿ ಬಿಸಿಯಾಗಿದೆಯೇ ಎಂದು ಮುಟ್ಟಿ ನೋಡಿ ಹೇಳುವ ಲೆಕ್ಕವನ್ನು ನಂಬಬೇಡಿ.

ಆಮೇಲೆ ಮೇಲ್ದುಟಿ ಎತ್ತಿ ಕೋರೆಹಲ್ಲಿನ ಮೇಲಿನ ಒಸಡು ನೋಡಿ. ಗುಲಾಬಿ ಬಣ್ಣವಿರಬೇಕು. ಹೆಬ್ಬೆರಳಿನಿಂದ ಒತ್ತಿ ಬಿಡಿ. ಬೆಳ್ಳಗಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ಒತ್ತುವ ಮೊದಲೇ ಒಸಡು ಸುಣ್ಣದಂತೆ ಬಿಳಿಚಿದ್ದರೆ, ಹಳದಿಯಾಗಿದ್ದರೆ, ಅಥವಾ ಗುಂಡುಸೂಜಿಯ ತಲೆಯಷ್ಟು ಕೆಂಪು ಚುಕ್ಕೆಗಳಿದ್ದರೆ ಬೆಳಗಾಗುವವರೆಗೆ ಕಾಯಬೇಡಿ. ಒಸಡೇ ಕಪ್ಪಗಿರುವ ನಾಯಿಗಳಲ್ಲಿ ಕೆಳಗಿನ ಕಣ್ರೆಪ್ಪೆಯನ್ನು ಎಳೆದು ಒಳಪದರ ನೋಡಿ. ಆರೋಗ್ಯವಾಗಿದ್ದಾಗಲೇ ನಾಲ್ಕು ಸಲ ನೋಡಿಟ್ಟುಕೊಂಡರೆ ನಿಮ್ಮ ನಾಯಿಯ ಸಹಜ ಬಣ್ಣ ಕಣ್ಣಿಗೆ ಕೂರುತ್ತದೆ.

ಜ್ವರವಿದೆಯೆಂದು ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಆಸ್ಪಿರಿನ್ ಯಾವುದನ್ನೂ ಕೊಡಬೇಡಿ. ಪ್ಯಾರಾಸಿಟಮಾಲ್ ನಾಯಿಯ ಯಕೃತ್ತಿಗೆ ವಿಷವಾಗಬಲ್ಲದು. ಐಬುಪ್ರೊಫೆನ್ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡ ಕೆಡಿಸುತ್ತದೆ. ಆಸ್ಪಿರಿನ್ ಉಳಿದಿರುವ ಅಷ್ಟಿಷ್ಟು ಪ್ಲೇಟ್‌ಲೆಟ್‌ಗಳನ್ನೂ ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಒಳ್ಳೆಯ ಮನಸ್ಸಿನಿಂದ ಕೊಟ್ಟ ಒಂದು ಮಾತ್ರೆಯೇ ನಾಯಿಯ ಜೀವ ತೆಗೆದೀತು.

ರಕ್ತ ಪರೀಕ್ಷೆಯ ಚೀಟಿ ಓದುವುದು

ಮೊದಲು ಬೇಕಾದದ್ದು ಸಿಬಿಸಿ, ಅಂದರೆ ರಕ್ತಕಣಗಳ ಪೂರ್ಣ ಎಣಿಕೆ. ಪ್ಲೇಟ್‌ಲೆಟ್ ಮೈಕ್ರೋಲೀಟರಿಗೆ ಸುಮಾರು 2 ಲಕ್ಷದಿಂದ 5 ಲಕ್ಷ ಇರಬೇಕು. 50,000ಕ್ಕಿಂತ ಕೆಳಗಿಳಿದರೆ ತಾನಾಗಿ ರಕ್ತ ಸೋರುವ ಭಯ. ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, ಶೇಕಡಾ 37ರಿಂದ 55 ಇರಬೇಕು.

ಯಂತ್ರದ ಎಣಿಕೆಯ ಜೊತೆಗೆ ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿಸುವಂತೆ ಕೇಳಿ. ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಯಂತ್ರ ಕಡಿಮೆ ಎಣಿಸಿ ಸುಮ್ಮನೆ ಹೆದರಿಸುತ್ತದೆ. ಕಣ್ಣಿನಿಂದ ನೋಡಿದವರಿಗೆ ಅದು ತಿಳಿಯುತ್ತದೆ. ಬಬೇಸಿಯಾ ಅನುಮಾನವಿದ್ದರೆ ಕಾಲಿನ ರಕ್ತನಾಳಕ್ಕಿಂತ ಕಿವಿಯ ಅಂಚಿಗೆ ಸೂಜಿ ಚುಚ್ಚಿ ತೆಗೆದ ಹನಿಯಲ್ಲಿ ಅದು ಸಿಗುವ ಸಾಧ್ಯತೆ ಹೆಚ್ಚು. ಸೋಂಕಿದ ಕಣಗಳು ಸಣ್ಣ ರಕ್ತನಾಳಗಳಲ್ಲಿ ಹೆಚ್ಚಾಗಿ ನಿಲ್ಲುತ್ತವೆ. ವೊಗೆಲಿಯಾದರೆ ಕೆಂಪು ಕಣದೊಳಗೆ ಜೋಡಿ ಹನಿಗಳಂತೆ ಕಾಣುತ್ತದೆ, ಗಿಬ್ಸೋನಿಯಾದರೆ ಪುಟ್ಟ ಉಂಗುರದಂತೆ. ಆದರೆ ಗಾಜಿನ ಮೇಲೆ ಕಾಣಲಿಲ್ಲವೆಂದರೆ ರೋಗವಿಲ್ಲ ಎಂದಲ್ಲ. ಅನುಮಾನ ಉಳಿದರೆ ರೋಗಾಣುವಿನ ಡಿಎನ್ಎಯನ್ನೇ ಹುಡುಕುವ ಪಿಸಿಆರ್ ಪರೀಕ್ಷೆ ಮಾಡಿಸಬೇಕು.

ಹತ್ತು ನಿಮಿಷದಲ್ಲಿ ಗೆರೆ ತೋರಿಸುವ ಕಿಟ್ ಪರೀಕ್ಷೆ ಹೆಚ್ಚಾಗಿ ನೋಡುವುದು ರೋಗಾಣುವನ್ನಲ್ಲ, ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯವನ್ನು. ಹಾಗಾಗಿ ಸೋಂಕಿನ ಮೊದಲ ಒಂದೆರಡು ವಾರ ಗೆರೆ ಬರದೆ ಇರಬಹುದು. ವಾಸಿಯಾದ ಮೇಲೂ ತಿಂಗಳುಗಟ್ಟಲೆ ಗೆರೆ ಬರುತ್ತಲೇ ಇರಬಹುದು. ಚಿಕಿತ್ಸೆ ಮುಗಿದ ಮೇಲೆ ಕಿಟ್ ಇನ್ನೂ ಪಾಸಿಟಿವ್ ಎಂದು ಮತ್ತೊಂದು ಸುತ್ತು ಮಾತ್ರೆ ಕೊಡುವುದು ಬೇಡ. ಪ್ಲೇಟ್‌ಲೆಟ್ ಮೇಲೇರಿ ನಿಂತಿದೆಯೇ ಎಂಬುದನ್ನೇ ನೋಡಬೇಕು.

28 ದಿನ, ಮತ್ತು ಮೊಸರನ್ನದ ತೊಂದರೆ

ಎರ್ಲಿಕಿಯಾಕ್ಕೆ ಡಾಕ್ಸಿಸೈಕ್ಲಿನ್. ನಾಯಿಯ ತೂಕದ ಪ್ರತಿ ಕೆಜಿಗೆ ದಿನಕ್ಕೆ 10 ಮಿಲಿಗ್ರಾಂ, ಒಂದೇ ಸಲಕ್ಕೆ ಅಥವಾ ಎರಡು ಪಾಲಾಗಿ, 28 ದಿನ. 20 ಕೆಜಿ ನಾಯಿಗೆ ಬೆಳಿಗ್ಗೆ 100, ರಾತ್ರಿ 100. ವೈದ್ಯರು ಬರೆದುಕೊಡದೆ ಶುರು ಮಾಡಬೇಡಿ, ಶುರು ಮಾಡಿದ ಮೇಲೆ ನಡುವೆ ನಿಲ್ಲಿಸಬೇಡಿ. ತೂಕವನ್ನು ಅಂದಾಜಿನಲ್ಲಿ ಹೇಳುವ ಬದಲು ನಾಯಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ನಿಮ್ಮ ತೂಕ ಕಳೆದು ಹೇಳಿ.

ಸಾಮಾನ್ಯವಾಗಿ ಒಂದರಿಂದ ಮೂರು ದಿನದಲ್ಲಿ ಜ್ವರ ಬಿಟ್ಟು ನಾಯಿ ಊಟಕ್ಕೆ ಬರುತ್ತದೆ. ರಕ್ತದಲ್ಲಿ ಓಡಾಡುತ್ತಿದ್ದ ರೋಗಾಣು ಕಡಿಮೆಯಾಗಿದೆ, ಅಷ್ಟೇ. ಕಣದೊಳಗೆ, ಗುಲ್ಮದೊಳಗೆ ಕುಳಿತದ್ದು ಇನ್ನೂ ಇದೆ. ಏಳನೆಯ ದಿನಕ್ಕೆ ಮಾತ್ರೆ ಬಿಟ್ಟ ನಾಯಿ ನೋಡಲು ಗಟ್ಟಿಮುಟ್ಟಾಗಿಯೇ ಇದ್ದು, ಸದ್ದಿಲ್ಲದೆ ಆ ಎರಡನೆಯ ಹಂತಕ್ಕೆ ಹೋಗಬಹುದು. ಕ್ಯಾಲೆಂಡರಿನಲ್ಲಿ 28ನೆಯ ದಿನಕ್ಕೆ ಗುರುತು ಹಾಕಿ, ದಿನಕ್ಕೊಂದು ಗೀಟು ಎಳೆಯಿರಿ. ಮೂರು ದಿನವಾದರೂ ನಾಯಿ ಏಳದಿದ್ದರೆ ಅದು ಮಾತ್ರೆ ಬದಲಿಸುವ ಹೊತ್ತಲ್ಲ. ಜೊತೆಗೆ ಬಬೇಸಿಯಾ ಇದೆಯೇ ಎಂದು ನೋಡಿಸುವ ಹೊತ್ತು.

ಮಾತ್ರೆ ಕೊಡುವ ರೀತಿಯಲ್ಲೂ ತಪ್ಪಾಗುತ್ತದೆ. ನಮ್ಮಲ್ಲಿ ಮಾತ್ರೆ ನುಂಗಿಸಲು ಸುಲಭ ದಾರಿ ಮೊಸರನ್ನದ ತುತ್ತು, ಇಲ್ಲವೇ ಹಾಲಿನಲ್ಲಿ ನೆನೆಸಿದ ಬ್ರೆಡ್. ಹಾಲು, ಮೊಸರು, ಪನೀರಿನ ಕ್ಯಾಲ್ಸಿಯಂ ಈ ಔಷಧಿಯನ್ನು ಹೊಟ್ಟೆಯಲ್ಲೇ ಕಟ್ಟಿಹಾಕುವುದರಿಂದ ಒಂದು ಪಾಲು ರಕ್ತಕ್ಕೆ ಸೇರುವುದೇ ಇಲ್ಲ. ಕಬ್ಬಿಣದ ಟಾನಿಕ್, ಆಸಿಡಿಟಿ ಔಷಧಿಗಳೂ ಹೀಗೆಯೇ. ಇವುಗಳಿಗೂ ಡಾಕ್ಸಿಸೈಕ್ಲಿನ್‌ಗೂ ಎರಡು ಮೂರು ಗಂಟೆ ಅಂತರವಿರಲಿ. ಖಾಲಿ ಹೊಟ್ಟೆಯಲ್ಲಿ ಕೊಟ್ಟರೆ ವಾಂತಿ. ಅರ್ಧ ಊಟ ಹಾಕಿ, ಬೇಯಿಸಿದ ಕೋಳಿ ತುಂಡಿನಲ್ಲೋ ಮೊಟ್ಟೆಯಲ್ಲೋ ಮಾತ್ರೆ ಹುದುಗಿಸಿ ಕೊಟ್ಟು, ಮೇಲೆ ಉಳಿದರ್ಧ ಊಟ ಹಾಕಿ. ಬರೀ ಮಾತ್ರೆಯನ್ನು ಗಂಟಲಿಗೆ ತಳ್ಳುವುದಾದರೆ ಹಿಂದೆಯೇ ಸಿರಿಂಜಿನಲ್ಲಿ ಐದಾರು ಮಿಲಿ ನೀರನ್ನು ಕೆನ್ನೆಯ ಪಕ್ಕದಿಂದ ನಿಧಾನವಾಗಿ ಬಿಡಿ. ಅನ್ನನಾಳದಲ್ಲಿ ಅಂಟಿ ನಿಂತ ಡಾಕ್ಸಿಸೈಕ್ಲಿನ್ ಅಲ್ಲೇ ಸುಟ್ಟು ಹುಣ್ಣು ಮಾಡುತ್ತದೆ. ಮಾತ್ರೆ ಶುರುವಾದ ಮೇಲೆ ಇದ್ದಕ್ಕಿದ್ದಂತೆ ನಾಯಿ ನುಂಗಲು ಕಷ್ಟಪಡುತ್ತಿದ್ದರೆ ಇದನ್ನು ವೈದ್ಯರಿಗೆ ಹೇಳಿ.

ಬಬೇಸಿಯಾಕ್ಕೆ ಡಾಕ್ಸಿಸೈಕ್ಲಿನ್ ಒಂದೇ ಸಾಲದು. ದೊಡ್ಡ ಬಗೆಯ ವೊಗೆಲಿಗೆ ಇಮಿಡೋಕಾರ್ಬ್ ಚುಚ್ಚುಮದ್ದು, ಹದಿನಾಲ್ಕು ದಿನದ ಅಂತರದಲ್ಲಿ ಎರಡು ಸಲ. ಚುಚ್ಚಿದ ಸ್ವಲ್ಪ ಹೊತ್ತಿಗೆ ಜೊಲ್ಲು, ವಾಂತಿ, ಭೇದಿ ಆಗಬಹುದು. ಇದನ್ನು ತಡೆಯಲು ವೈದ್ಯರು ಮೊದಲೇ ಅಟ್ರೊಪಿನ್ ಕೊಡುವುದುಂಟು. ಅರ್ಧ ಗಂಟೆ ಆಸ್ಪತ್ರೆಯಲ್ಲೇ ಕಾದು ಹೊರಡಿ. ಸಣ್ಣ ಬಗೆಯ ಗಿಬ್ಸೋನಿ ಇದಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಅದಕ್ಕೆ ಅಟೊವಾಕ್ವೋನ್ ಮತ್ತು ಅಜಿಥ್ರೋಮೈಸಿನ್ ಜೋಡಿಯನ್ನು ಹತ್ತು ದಿನ ಕೊಡುತ್ತಾರೆ, ಅಥವಾ ಕ್ಲಿಂಡಾಮೈಸಿನ್, ಮೆಟ್ರೊನಿಡಜೋಲ್, ಡಾಕ್ಸಿಸೈಕ್ಲಿನ್ ಮೂರನ್ನೂ ಕೂಡಿಸಿ ಹೆಚ್ಚು ದಿನ ಕೊಡುತ್ತಾರೆ. ಅಟೊವಾಕ್ವೋನ್ ಕೊಬ್ಬಿನ ಜೊತೆ ಮಾತ್ರ ಚೆನ್ನಾಗಿ ಹೀರಿಕೊಳ್ಳುವ ಔಷಧಿ. ಇಷ್ಟೆಲ್ಲ ಮಾಡಿಯೂ ಗಿಬ್ಸೋನಿ ಪೂರ್ತಿ ಹೋಗದೆ ಉಳಿದು, ನಾಯಿ ಬಳಲಿದಾಗ ಮತ್ತೆ ತಲೆ ಎತ್ತಬಹುದು.

ಪಪ್ಪಾಯ ಎಲೆಯ ರಸದ ವಿಷಯ ಎಲ್ಲರೂ ಕೇಳುತ್ತಾರೆ. ಇಲ್ಲಿ ಪ್ಲೇಟ್‌ಲೆಟ್ ಇಳಿಯುವುದು ರೋಗಾಣುವಿನ ಕಾಟದಿಂದ ದೇಹವೇ ಅವನ್ನು ನಾಶ ಮಾಡುವುದರಿಂದ. ರೋಗಾಣು ಸತ್ತರೆ ಎಣಿಕೆ ತಾನಾಗಿ ಏರುತ್ತದೆ, ಸಾಯದಿದ್ದರೆ ಯಾವ ರಸವೂ ಅದನ್ನು ಹಿಡಿದು ನಿಲ್ಲಿಸದು. ಊಟ ಬಿಟ್ಟ ನಾಯಿಗೆ ಕಹಿ ರಸ ಕುಡಿಸಿ ವಾಂತಿ ಮಾಡಿಸುವುದಕ್ಕಿಂತ ನಾಲ್ಕು ಚಮಚ ಕೋಳಿ ಸಾರು ಕುಡಿಸುವುದು ಮೇಲು. ಸಾರಿಗೆ ಈರುಳ್ಳಿ, ಬೆಳ್ಳುಳ್ಳಿ ಹಾಕಬೇಡಿ. ಅವೂ ನಾಯಿಯ ಕೆಂಪು ಕಣಗಳನ್ನು ಒಡೆಯುತ್ತವೆ.

ಪಿಸಿವಿ 20ಕ್ಕಿಂತ ಕೆಳಗಿಳಿದು ನಾಯಿ ಏದುಸಿರು ಬಿಡುತ್ತಿದ್ದರೆ ರಕ್ತ ಕೊಡಬೇಕಾಗಬಹುದು. ದಾನಿ ನಾಯಿ 25 ಕೆಜಿಗಿಂತ ಹೆಚ್ಚು ತೂಕದ, ಒಂದರಿಂದ ಎಂಟು ವರ್ಷದೊಳಗಿನ, ಲಸಿಕೆ ಆಗಿರುವ ಗಟ್ಟಿ ನಾಯಿಯಾಗಿರಬೇಕು. ಎಷ್ಟೇ ಅವಸರವಿದ್ದರೂ ದಾನಿಗೆ ಉಣ್ಣಿ ಜ್ವರದ ಪರೀಕ್ಷೆ ತಪ್ಪಿಸಬಾರದು. ಎರಡನೆಯ ಹಂತದಲ್ಲಿರುವ, ನೋಡಲು ಚೆನ್ನಾಗಿರುವ ನಾಯಿಯ ರಕ್ತದೊಂದಿಗೆ ರೋಗವೂ ಬರುತ್ತದೆ.

ಮಾತ್ರೆ ಕೊಟ್ಟಿದ್ದರೂ ಜ್ವರ ಬಂತೇಕೆ

ಉಣ್ಣಿ ತಡೆಯಲು ಈಗ ಹೆಚ್ಚಾಗಿ ಬಳಸುವುದು ಅಗಿಯುವ ಮಾತ್ರೆಗಳನ್ನು. ನೆಕ್ಸ್‌ಗಾರ್ಡ್, ಸಿಂಪಾರಿಕಾ ತಿಂಗಳಿಗೊಂದು. ಬ್ರೇವೆಕ್ಟೊ ಮೂರು ತಿಂಗಳಿಗೊಂದು. ಇವು ನಾಯಿಯ ರಕ್ತದಲ್ಲಿರುತ್ತವೆ, ರಕ್ತ ಕುಡಿದ ಉಣ್ಣಿ ಸಾಯುತ್ತದೆ. ಅಂದರೆ ಉಣ್ಣಿ ಕಚ್ಚಲೇಬೇಕು. ಬಬೇಸಿಯಾ ದಾಟಲು ಉಣ್ಣಿ ಸಾಮಾನ್ಯವಾಗಿ ಒಂದೆರಡು ದಿನ ಕಚ್ಚಿಕೊಂಡಿರಬೇಕಾದ್ದರಿಂದ ಅಷ್ಟರೊಳಗೆ ಅದು ಸತ್ತಿರುತ್ತದೆ. ಎರ್ಲಿಕಿಯಾ ಹಾಗಲ್ಲ, ಕಚ್ಚಿದ ಮೂರು ಗಂಟೆಯಲ್ಲೇ ದಾಟಬಲ್ಲದು. ಮಾತ್ರೆ ತಪ್ಪದೆ ಕೊಟ್ಟ ನಾಯಿಗೂ ಒಮ್ಮೊಮ್ಮೆ ಜ್ವರ ಬರುವುದು ಇದಕ್ಕೇ. ಔಷಧಿ ನಕಲಿ ಎಂದು ಬೈಯುವ ಮೊದಲು ಮನೆಯ ಗೋಡೆ ನೋಡಬೇಕು. ಉಣ್ಣಿ ಕಚ್ಚುವ ಮೊದಲೇ ದೂರವಿಡುವುದು ಫ್ಲೂಮೆಥ್ರಿನ್, ಡೆಲ್ಟಾಮೆಥ್ರಿನ್ ಇರುವ ಕೊರಳಪಟ್ಟಿಗಳು. ಉಣ್ಣಿ ವಿಪರೀತವಿರುವ ಜಾಗದಲ್ಲಿ ವೈದ್ಯರು ಮಾತ್ರೆ ಮತ್ತು ಪಟ್ಟಿ ಎರಡನ್ನೂ ಹೇಳುವುದುಂಟು. ಕೊರಳಪಟ್ಟಿಯ ಕೆಳಗೆ ಎರಡು ಬೆರಳು ತೂರುವಷ್ಟು ಸಡಿಲವಿರಲಿ, ಚರ್ಮಕ್ಕೆ ತಾಗಿರಲಿ.

ಫಿಟ್ಸ್ ಬರುವ ನಾಯಿಗೆ ಅಗಿಯುವ ಮಾತ್ರೆ ಕೊಡುವ ಮೊದಲು ವೈದ್ಯರನ್ನು ಕೇಳಲೇಬೇಕು. ಈ ಗುಂಪಿನ ಔಷಧಿಗಳ ಬಗ್ಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಎಚ್ಚರಿಕೆ ಕೊಟ್ಟಿದೆ. ಬೆನ್ನಿಗೆ ಹಾಕುವ ಫಿಪ್ರೊನಿಲ್ ಹನಿಯನ್ನು ಕೂದಲು ಬಿಡಿಸಿ ಚರ್ಮಕ್ಕೇ ಬಿಡಬೇಕು. ಹಿಂದೆ ಮುಂದೆ ಎರಡು ದಿನ ಸ್ನಾನ ಬೇಡ. ಪರ್ಮೆಥ್ರಿನ್ ಇರುವ ಔಷಧಿ ಹಾಕಿದ ನಾಯಿಯ ಪಕ್ಕ ಬೆಕ್ಕು ಮಲಗುವ ಮನೆಯಾದರೆ ಅದನ್ನು ತರಲೇಬೇಡಿ, ಬೆಕ್ಕಿಗೆ ಅದು ಪ್ರಾಣಾಂತಕ. ದನಕ್ಕೆ ತಂದು ಉಳಿದ ಔಷಧಿಯನ್ನು ಕಣ್ಣಳತೆಯಲ್ಲಿ ನೀರಿಗೆ ಬೆರೆಸಿ ನಾಯಿಗೆ ಸುರಿಯುವ ರೂಢಿ ಹಳ್ಳಿಗಳಲ್ಲಿದೆ. ಅಂಥ ಔಷಧಿಗಳಲ್ಲಿರುವ ಅಮಿಟ್ರಾಜ್ ಗಟ್ಟಿಯಾಗಿ ಬಿದ್ದು, ನಾಯಿ ಅದನ್ನು ನೆಕ್ಕಿದರೆ ತೂಕಡಿಸಿ, ಎದೆಬಡಿತ ಇಳಿದು ಬೀಳುತ್ತದೆ.

ಕೈಯಿಂದ ತೆಗೆಯುವಾಗ

ದಿನಕ್ಕೆ ಐದು ನಿಮಿಷ ಬೆರಳಾಡಿಸಿ. ಕಿವಿಯ ಒಳಮಡಿಕೆ, ಕೊರಳಪಟ್ಟಿಯ ಕೆಳಗೆ, ಕಂಕುಳು, ತೊಡೆಸಂದಿ, ಬಾಲದ ಬುಡ, ಎಲ್ಲಕ್ಕಿಂತ ಮುಖ್ಯವಾಗಿ ಬೆರಳುಗಳ ಸಂದು. ಪಾದ ಹಿಡಿದು ಬೆರಳುಗಳನ್ನು ಅಗಲಿಸಿದರೆ, ಒಂದೇ ಕಡೆ ಕಿಕ್ಕಿರಿದು ಕುಳಿತ ಸಾಸಿವೆ ಗಾತ್ರದ ಮರಿಗಳು ಕಾಣುತ್ತವೆ. ಸಪೂರ ತುದಿಯ ಚಿಮುಟದಿಂದ, ಉಣ್ಣಿಯ ಹೊಟ್ಟೆಯನ್ನಲ್ಲ, ಚರ್ಮಕ್ಕೆ ತಾಗಿದ ಬಾಯಿಯ ಭಾಗವನ್ನು ಹಿಡಿದು, ತಿರುಚದೆ ಒಂದೇ ಸಮನೆ ನೇರಕ್ಕೆ ಎಳೆಯಿರಿ. ತೆಗೆದದ್ದನ್ನು ಸ್ಪಿರಿಟ್ ಇರುವ ಬಾಟಲಿಗೆ ಹಾಕಿ ಮುಚ್ಚಿ. ಉಗುರಿನಿಂದ ಹಿಸುಕಬೇಡಿ, ಅದರ ಹೊಟ್ಟೆಯೊಳಗಿನದು ಬೆರಳಿನ ಗಾಯಕ್ಕೆ ತಾಗಬಾರದು. ಸೀಮೆಎಣ್ಣೆ ಚರ್ಮ ಸುಡುತ್ತದೆ, ಊದುಬತ್ತಿಯ ಕೆಂಡ ನಾಯಿಯನ್ನೇ ಸುಡುತ್ತದೆ. ಎರಡೂ ಬೇಡ.

ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರಿನ ಕಾಡಂಚಿನಲ್ಲಿ ಇರುವವರಿಗೆ ಇನ್ನೊಂದು ಎಚ್ಚರ ಬೇಕು. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯನ್ನು ಹರಡುವುದು ಬೇರೆ ಜಾತಿಯ ಉಣುಗು. ಕಾಡಿಗೆ ಹೋಗಿಬಂದ ನಾಯಿಯ ಮೈಗೆ ಹತ್ತಿ ಅದು ಅಂಗಳಕ್ಕೆ ಬರಬಹುದು. ಅಂಥ ನಾಯಿಯನ್ನು ಕೈಗವಸು ಹಾಕಿಕೊಂಡು ಹೊರಗೇ ನೋಡಿ, ಆಮೇಲೆ ಒಳಗೆ ಬಿಡಿ.

ಗೋಡೆಗೆ ಚಿಕಿತ್ಸೆ

ಕಂದು ಉಣ್ಣಿಗೆ ಮೇಲಕ್ಕೆ ಹತ್ತುವ ಸ್ವಭಾವ. ಹಾಗಾಗಿ ನೆಲ ಒರೆಸಿದರೆ ಸಾಲದು. ಟಾರ್ಚ್ ಹಿಡಿದು ನಾಯಿ ಮಲಗುವ ಜಾಗದಿಂದ ಶುರು ಮಾಡಿ ಗೋಡೆಯುದ್ದಕ್ಕೂ ಕಣ್ಣು ಹಾಯಿಸಿ. ಕಿಟಕಿಯ ಮೂಲೆ, ಪರದೆಯ ಮಡಿಕೆ, ಗೋಡೆಗೆ ತೂಗಿದ ಫೋಟೊದ ಹಿಂದೆ, ಸೂರಿನ ಅಂಚು, ನಾಯಿಗೂಡಿನ ಹಲಗೆಗಳ ಜೋಡಣೆ. ಬಿರುಕುಗಳಿಗೆ ಸಿಮೆಂಟ್ ಅಥವಾ ಪುಟ್ಟಿ ತುಂಬಿ. ಗೋಣಿಚೀಲದ ಹಾಸಿಗೆ ಎಸೆದು ಒಗೆಯಲು ಬರುವ ಹತ್ತಿ ಬಟ್ಟೆ ಹಾಕಿ, ವಾರಕ್ಕೊಮ್ಮೆ ಕುದಿಯುವ ನೀರಿನಲ್ಲಿ ಅದ್ದಿ ಒಗೆಯಿರಿ. ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಸಂದಿಗಳಿಗೆ ಹಿಡಿದು, ಚೀಲವನ್ನು ಅಂದೇ ಮನೆಯಿಂದಾಚೆ ಸಾಗಿಸಿ.

ಪೆಸ್ಟ್ ಕಂಟ್ರೋಲ್‌ನವರನ್ನು ಕರೆದರೆ ಜಿರಲೆಗಲ್ಲ, ಉಣ್ಣಿಗೆ ಎಂದು ಮೊದಲೇ ಹೇಳಿ. ಹೊಡೆದ ಔಷಧಿ ಪೂರ್ತಿ ಒಣಗುವವರೆಗೆ ನಾಯಿ, ಬೆಕ್ಕು, ಮಕ್ಕಳು ಹೊರಗಿರಲಿ, ಮೀನಿನ ತೊಟ್ಟಿ ಮುಚ್ಚಿರಲಿ. ಔಷಧಿಗೆ ಮೊಟ್ಟೆ ಸುಲಭವಾಗಿ ಸಾಯುವುದಿಲ್ಲವಾದ್ದರಿಂದ ಎರಡು ಮೂರು ವಾರ ಬಿಟ್ಟು ಮತ್ತೊಮ್ಮೆ ಹೊಡೆಸಬೇಕು. ಹೊಲಕ್ಕೆ ಹೊಡೆಯುವ ಕೀಟನಾಶಕವನ್ನು ಮನೆಯೊಳಗೆ ತರುವುದಂತೂ ಬೇಡವೇ ಬೇಡ.

ಇದರ ಜೊತೆಗೆ ಮನೆಯ ಎಲ್ಲ ನಾಯಿಗಳಿಗೂ ಉಣ್ಣಿಯ ಔಷಧಿ ತಪ್ಪದೆ ನಡೆಯಬೇಕು, ಕನಿಷ್ಠ ಮೂರು ತಿಂಗಳು. ಗೋಡೆಯಿಂದ ಹೊರಬಂದ ಪ್ರತಿ ಹುಳುವೂ ಔಷಧಿಯಿರುವ ನಾಯಿಯನ್ನೇ ಹತ್ತಿ ಸತ್ತು, ಒಂದು ಸುತ್ತು ಪೂರ್ತಿ ಮುರಿಯಲು ಅಷ್ಟು ಕಾಲ ಬೇಕು. ಗೇಟಿನ ಬಳಿ ಮಲಗುವ ಬೀದಿನಾಯಿಯನ್ನು ಓಡಿಸಿದರೆ ಅದು ಮತ್ತೆ ಬರುತ್ತದೆ. ಅದರ ತೂಕ ಅಂದಾಜಿಸಿ, ವೈದ್ಯರನ್ನು ಕೇಳಿ, ಕೋಳಿ ತುಂಡಿನೊಳಗೆ ಅದಕ್ಕೂ ಒಂದು ಮಾತ್ರೆ ಇಡಿ. ನಿಮ್ಮ ಗೇಟಿಗೆ ಅದಕ್ಕಿಂತ ಒಳ್ಳೆಯ ಕಾವಲು ಇಲ್ಲ. ಬೆಂಗಳೂರಿನ ತಂಪಾದ ಹವೆಯಲ್ಲೂ ಉಣ್ಣಿಯಿಲ್ಲದ ತಿಂಗಳೆಂದು ಇಲ್ಲವಾದ್ದರಿಂದ, ಮೂರು ತಿಂಗಳ ನಂತರವೂ ಔಷಧಿ ಮುಂದುವರಿಸುವುದೇ ಸರಿ.

ಉಣ್ಣಿ ಜ್ವರದಲ್ಲಿ ನಾಯಿಯನ್ನು ಕಳೆದುಕೊಂಡ ಮನೆಗೆ ಕೆಲವೇ ತಿಂಗಳಲ್ಲಿ ಹೊಸ ಮರಿ ಬರುತ್ತದೆ. ಖಾಲಿ ಮನೆ ನೋಡಲಾರದೆ ತರುತ್ತಾರೆ, ಅದು ಸಹಜವೇ. ಆದರೆ ಹಳೆಯ ನಾಯಿ ಮಲಗುತ್ತಿದ್ದ ಮೂಲೆಯ ಬಿರುಕಿನಲ್ಲಿ ಅದೇ ಉಣ್ಣಿಗಳು ಒಂದೂವರೆ ವರ್ಷ ಹಸಿದೇ ಕಾಯಬಲ್ಲವು, ಎರಡು ತಿಂಗಳ ಮರಿಯಲ್ಲಿ ರಕ್ತ ಇರುವುದೇ ಸ್ವಲ್ಪ. ಮರಿ ತರುವ ಮೊದಲೇ ಎರಡು ಸಲ ಔಷಧಿ ಹೊಡೆಸಿ, ಬಿರುಕು ಮುಚ್ಚಿ, ಹಳೆಯ ಗೂಡು, ಹಾಸಿಗೆ, ಕೊರಳಪಟ್ಟಿಗಳನ್ನು ಸುಟ್ಟುಬಿಡಿ. ಅಗಿಯುವ ಮಾತ್ರೆಗಳು ಸಾಮಾನ್ಯವಾಗಿ ಎಂಟು ವಾರ ವಯಸ್ಸು, 2 ಕೆಜಿ ತೂಕ ದಾಟಿದ ಮೇಲೆ. ಆವರೆಗೆ ಫಿಪ್ರೊನಿಲ್ ಸ್ಪ್ರೇಯನ್ನು ವೈದ್ಯರು ಹೇಳಿದ ಅಳತೆಯಲ್ಲಿ ಬಳಸಬಹುದು. ಮರಿಯ ಮೊದಲ ಲಸಿಕೆಗೆ ಹೋದ ದಿನವೇ ಇದನ್ನೂ ಕೇಳಿ ಬರೆಸಿಕೊಂಡು ಬನ್ನಿ.